ಯಾವ ಹರಳು, ಯಾವ ಪಾಲಿಮರ್: ಎಂ.ಎಸ್ಸಿ. ಪ್ರಾಜೆಕ್ಟಿಗೆ ಹೊಳೆಯುವ ಫಿಲ್ಮ್ ಆರಿಸುವವರಿಗೆ

"ಸರ್, ಜಿಂಕ್ ಸಲ್ಫೈಡ್ ತಗೊಳ್ಳೋದಾ, ಕ್ಯಾಡ್ಮಿಯಂ ಸಲ್ಫೈಡ್ ತಗೊಳ್ಳೋದಾ? ಮ್ಯಾಂಗನೀಸ್ ಹಾಕೋದಾ, ತಾಮ್ರ ಹಾಕೋದಾ?" ಪ್ರಾಜೆಕ್ಟ್ ಹತ್ತಿರ ಬಂದಾಗ ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳು ಕೇಳುವುದು ಹೀಗೆ. ಪಾಲಿಮರ್ ಹಾಳೆಯೊಳಗೆ ಅರೆವಾಹಕದ ನ್ಯಾನೊ ಹರಳು ಕೂರಿಸಿ, ನೇರಳಾತೀತ ಬೆಳಕಿಗೆ ಹೊಳೆಯುವ ಫಿಲ್ಮ್ ಮಾಡುವುದು ಅವರ ಪ್ರಾಜೆಕ್ಟು. ಪಾಲಿಮರಿನ ಮಾತು ಕೊನೆಗೆ ಬರುತ್ತದೆ, ಅಳತೆಯ ಮಾತು ಬರುವುದೇ ಇಲ್ಲ. ನಾನು ಇದನ್ನು ತಿರುಗುಮುರುಗು ಮಾಡಿ ಹೇಳುತ್ತೇನೆ. ಮೊದಲು ನಿಮ್ಮ ಕೈಗೆ ಸಿಗುವ ಉಪಕರಣದಲ್ಲಿ ಏನನ್ನು ಅಳೆಯಬಹುದು ಎಂದು ತಿಳಿದುಕೊಳ್ಳಿ. ಆ ಅಳತೆಗೆ ಯಾವ ಫಿಲ್ಮ್ ಒಗ್ಗುತ್ತದೆ ಎಂದು ಆಮೇಲೆ ನೋಡಿ. ಹರಳು ಯಾವುದು, ಬೆರಕೆ ಯಾವುದು ಎಂಬುದು ಅಷ್ಟರಲ್ಲಿ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಪುಡಿಯಾಗಿದ್ದಾಗ ಸೊಗಸಾಗಿ ಹೊಳೆದ ವಸ್ತು ಫಿಲ್ಮಿನೊಳಗೆ ಹೋದ ಮೇಲೆ ಅಳತೆಗೇ ಸಿಗದೆ ಹೋಗುವುದುಂಟು. ಆರು ತಿಂಗಳ ಕೆಲಸ ಹಾಗೆ ವ್ಯರ್ಥವಾಗಬಾರದು ಎಂಬುದಷ್ಟೇ ನನ್ನ ಕಾಳಜಿ.

ಹಿನ್ನೆಲೆ ಎರಡು ಮಾತಿನಲ್ಲಿ. ಅರೆವಾಹಕದ ಹರಳು ಕೆಲವೇ ನ್ಯಾನೊಮೀಟರಿಗೆ ಇಳಿದಾಗ ಅದರ ಬ್ಯಾಂಡ್ ಗ್ಯಾಪ್ (ಇಲೆಕ್ಟ್ರಾನ್ ಮೇಲ್ಮಟ್ಟಕ್ಕೆ ಹಾರಲು ಬೇಕಾದ ಶಕ್ತಿ) ಹಿಗ್ಗುತ್ತದೆ, ಬೆಳಕಿನ ಹೀರಿಕೆ ನೀಲಿಯ ಕಡೆಗೆ ಸರಿಯುತ್ತದೆ. ಎಕಿಮೋವ್ ಗಾಜಿನೊಳಗೆ, ಬ್ರೂಸ್ ದ್ರಾವಣದಲ್ಲಿ ಇದನ್ನು ಕಂಡರು. ಒಂದೇ ಗಾತ್ರದ ಹರಳುಗಳನ್ನು ಬೆಳೆಸುವ ದಾರಿಯನ್ನು ಬವೆಂಡಿ 1993ರಲ್ಲಿ ತೋರಿಸಿದರು. 2023ರ ರಸಾಯನ ವಿಜ್ಞಾನದ ನೊಬೆಲ್ ಈ ಮೂವರಿಗೂ ಸಂದಿತು. ಹರಳಿಗೆ ಬೇರೊಂದು ಲೋಹದ ಅಯಾನನ್ನು ಸ್ವಲ್ಪವೇ ಸ್ವಲ್ಪ ಬೆರೆಸಿದರೆ ಹೀರುವ ಕೆಲಸ ಹರಳಿನದು, ಬೆಳಕು ಹೊರಸೂಸುವ ಕೆಲಸ ಬೆರಕೆಯದು ಎಂದು ಹಂಚಿಕೆಯಾಗುತ್ತದೆ. ನಮ್ಮ ಆಯ್ಕೆಯೆಲ್ಲ ನಿಂತಿರುವುದು ಈ ಹಂಚಿಕೆಯ ಮೇಲೆ.

ಮ್ಯಾಂಗನೀಸೋ, ತಾಮ್ರವೋ

ಜಿಂಕ್ ಸಲ್ಫೈಡಿಗೆ ಬೆರೆಸಲು ಎಲ್ಲರೂ ನೆನೆಯುವುದು ಇವೆರಡನ್ನೇ. ಇಂಗಳದಾಳಿನ ತಾಮ್ರ, ಚಿತ್ರದುರ್ಗದ ಶಿಲಾಪಟ್ಟಿಯ ಮ್ಯಾಂಗನೀಸ್ ಅದಿರು, ಎರಡೂ ನಮ್ಮ ಕಾಲಡಿಯವೇ ಎಂಬುದು ನನಗೆ ಖುಷಿ ಕೊಡುವ ಸಂಗತಿ. ಆದರೆ ಹರಳಿನೊಳಗೆ ಇವೆರಡರ ನಡತೆಗೆ ಅಜಗಜಾಂತರ.

ಮ್ಯಾಂಗನೀಸ್ ಬೆರೆತ ಜಿಂಕ್ ಸಲ್ಫೈಡ್ 585ರಿಂದ 600 ನ್ಯಾನೊಮೀಟರ್ ನಡುವೆ ಕಿತ್ತಳೆ ಬೆಳಕು ಬಿಡುತ್ತದೆ. ಈ ಬೆಳಕು ಹುಟ್ಟುವುದು ಮ್ಯಾಂಗನೀಸ್ ಅಯಾನಿನ ಒಳಗಿನ ಡಿ-ಮಟ್ಟಗಳ ನಡುವೆ. ಆದ್ದರಿಂದ ಹರಳಿನ ಗಾತ್ರ 3 ನ್ಯಾನೊಮೀಟರ್ ಇರಲಿ, 5 ಇರಲಿ, ಬಣ್ಣ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ತಾಮ್ರದ ಹಸಿರು ಬೆಳಕು ಹಾಗಲ್ಲ. ಹರಳಿನ ಮೇಲ್ಮಟ್ಟದಲ್ಲಿರುವ ಇಲೆಕ್ಟ್ರಾನ್ ತಾಮ್ರದ ಮಟ್ಟಕ್ಕೆ ಇಳಿಯುವಾಗ ಅದು ಹುಟ್ಟುತ್ತದೆ. ಗಾತ್ರ ಬದಲಾದರೆ ಬಣ್ಣವೂ ಸರಿಯುತ್ತದೆ, ಪಟ್ಟಿಯೂ ಅಗಲ. ಬೇರೆ ಬೇರೆ ಗಾತ್ರಗಳನ್ನು ಹೋಲಿಸುವುದೇ ನಿಮ್ಮ ಪ್ರಾಜೆಕ್ಟಾದರೆ ತಾಮ್ರದಲ್ಲಿ ಹೇಳಲು ಕಥೆ ಇದೆ. ಬೆರಕೆಯ ಪ್ರಮಾಣವನ್ನು ಹೋಲಿಸುವುದಾದರೆ ಮ್ಯಾಂಗನೀಸ್ ನೆಮ್ಮದಿ.

ತಯಾರಿಕೆಯಲ್ಲೂ ವ್ಯತ್ಯಾಸವಿದೆ. ತಾಮ್ರದ ಸಲ್ಫೈಡ್ ಜಿಂಕ್ ಸಲ್ಫೈಡಿಗಿಂತ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಸೋಡಿಯಂ ಸಲ್ಫೈಡ್ ಹಾಕಿದ ತಕ್ಷಣ ತಾಮ್ರ ಮುಂದೆ ನುಗ್ಗಿ ತಾನೇ ಬೇರೆ ಸಲ್ಫೈಡ್ ಗಸಿಯಾಗಿ ಇಳಿಯುವ ಅಪಾಯವಿದೆ. ಪ್ರಮಾಣ ಸ್ವಲ್ಪ ಹೆಚ್ಚಾದರೂ ದ್ರಾವಣ ಕಂದಾಗುತ್ತದೆ, ಫಿಲ್ಮ್ ಕಂದಾಗುತ್ತದೆ, ಹೊಳಪು ಸಾಯುತ್ತದೆ. ಮ್ಯಾಂಗನೀಸ್ ಸಲ್ಫೈಡ್ ಇದಕ್ಕೆ ತದ್ವಿರುದ್ಧ. ಅದು ಜಿಂಕ್ ಸಲ್ಫೈಡಿಗಿಂತ ಸುಲಭವಾಗಿ ಕರಗುವುದರಿಂದ ಮ್ಯಾಂಗನೀಸಿನ ದೊಡ್ಡ ಪಾಲು ದ್ರಾವಣದಲ್ಲೇ ಉಳಿದು ತೊಳೆಯುವಾಗ ಹೊರಟುಹೋಗುತ್ತದೆ. ನೀವು ಬೀಕರಿಗೆ ಹಾಕಿದ್ದು ಶೇ. 5 ಆದರೂ ಹರಳಿನೊಳಗೆ ಸೇರಿದ್ದು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು. ಚಿಕ್ಕ ಹರಳುಗಳು ಬೆರಕೆಯನ್ನು ಯಾಕೆ ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬ ಬಗ್ಗೆ 2005ರಲ್ಲಿ ಅರ್ವಿನ್ ಮತ್ತು ಸಂಗಡಿಗರು ವಿವರಿಸಿದ್ದಾರೆ: ಅಯಾನು ಬೆಳೆಯುತ್ತಿರುವ ಮೇಲ್ಮೈಗೆ ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂಬುದೇ ಅಲ್ಲಿ ಮುಖ್ಯ. ಹಾಗಾಗಿ "ಶೇ. 5 ಮ್ಯಾಂಗನೀಸ್ ಬೆರೆಸಿದ ಫಿಲ್ಮ್" ಎಂದು ಬರೆಯುವ ಮೊದಲು ಅಳೆಸಿ ನೋಡಿ. ಅಳೆಸಲು ಆಗದಿದ್ದರೆ "ದ್ರಾವಣಕ್ಕೆ ಹಾಕಿದ್ದು ಶೇ. 5" ಎಂದು ಪ್ರಾಮಾಣಿಕವಾಗಿ ಬರೆಯಿರಿ. ಅದರಲ್ಲಿ ಕುಂದೇನೂ ಇಲ್ಲ.

ಇನ್ನೊಂದು ಲೆಕ್ಕವನ್ನು ಎಲ್ಲರೂ ಒಮ್ಮೆ ಮಾಡಲೇಬೇಕು. 3 ನ್ಯಾನೊಮೀಟರ್ ವ್ಯಾಸದ ಜಿಂಕ್ ಸಲ್ಫೈಡ್ ಹರಳಿನಲ್ಲಿ ಇರುವ ಜಿಂಕ್ ಪರಮಾಣುಗಳು ಸುಮಾರು 350. ಶೇ. 1 ಬೆರಕೆ ಎಂದರೆ ಹರಳಿಗೆ ಸರಾಸರಿ ಮೂರೂವರೆ ಮ್ಯಾಂಗನೀಸ್. ಶೇ. 0.1ಕ್ಕೆ ಇಳಿಸಿದರೆ ಹತ್ತರಲ್ಲಿ ಏಳು ಹರಳುಗಳಲ್ಲಿ ಮ್ಯಾಂಗನೀಸೇ ಇರುವುದಿಲ್ಲ. ಅವು ಬೆರಕೆಯಿಲ್ಲದ ಹರಳಿನ ನೀಲಿ ಬೆಳಕನ್ನೇ ಬಿಡುತ್ತವೆ. ಹಾಗೆಂದು ಏರಿಸುತ್ತ ಹೋದರೆ ಒಂದೇ ಹರಳಿನ ಮ್ಯಾಂಗನೀಸ್‌ಗಳು ಪರಸ್ಪರ ಶಕ್ತಿ ದಾಟಿಸಿಕೊಂಡು ಹೊಳಪು ಇಳಿಯುತ್ತದೆ. ನೀಲಿ ಎಷ್ಟು ಉಳಿಯಿತು, ಕಿತ್ತಳೆ ಎಷ್ಟು ಬಂತು ಎಂಬ ಅನುಪಾತವೊಂದೇ ಒಳ್ಳೆಯ ಪ್ರಾಜೆಕ್ಟಿಗೆ ಸಾಕಾಗುವಷ್ಟು ವಿಷಯ.

ಕ್ಯಾಡ್ಮಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾಡ್ಮಿಯಂ ಸಲ್ಫೈಡಿನ ಗ್ಯಾಪ್ 2.42 ಇಲೆಕ್ಟ್ರಾನ್ ವೋಲ್ಟ್. ಕಣ್ಣಿಗೆ ಕಾಣುವ ಬೆಳಕಿನಲ್ಲೇ ಹೀರಿಕೆ ಸಿಗುತ್ತದೆ, ಗಾತ್ರದ ಪರಿಣಾಮ ಬಣ್ಣದಲ್ಲೇ ಎದ್ದು ಕಾಣುತ್ತದೆ, ನಿಜ. ಆದರೆ ಕ್ಯಾಡ್ಮಿಯಂ ಕ್ಯಾನ್ಸರ್ ತರುವ ಲೋಹ ಎಂದು ಒಪ್ಪಿತವಾಗಿದೆ, ಯುರೋಪಿನ ನಿಯಮದಲ್ಲಿ ಇಲೆಕ್ಟ್ರಾನಿಕ್ ಸಾಮಾನಿನಲ್ಲಿ ಅದರ ಮಿತಿ ಶೇ. 0.01. ತೊಳೆದ ನೀರನ್ನು ಪ್ರತ್ಯೇಕವಾಗಿ ಸಂಗ್ರಹಿಸಿ ವಿಲೇವಾರಿ ಮಾಡುವ ವ್ಯವಸ್ಥೆ ನಿಮ್ಮ ಲ್ಯಾಬಿನಲ್ಲಿ ಇಲ್ಲದಿದ್ದರೆ ಆ ಕಡೆ ತಲೆಹಾಕಬೇಡಿ. ಕ್ಯಾಡ್ಮಿಯಂ ಸೆಲೆನೈಡಿಗೆ ಮ್ಯಾಂಗನೀಸ್ ಬೆರೆಸುವ ಆಸೆಯಿದ್ದವರಿಗೆ ಇನ್ನೊಂದು ತೊಡಕು: ಹರಳು ಸುಮಾರು 3.3 ನ್ಯಾನೊಮೀಟರಿಗಿಂತ ದೊಡ್ಡದಾದರೆ ಅದರ ಗ್ಯಾಪ್ ಮ್ಯಾಂಗನೀಸಿನ ಮಟ್ಟಕ್ಕಿಂತ ಕೆಳಗಿಳಿದು ಕಿತ್ತಳೆ ಬೆಳಕು ಕಾಣಿಸುವುದೇ ಇಲ್ಲ.

ಜಿಂಕ್ ಆಕ್ಸೈಡ್ ಅಗ್ಗ, ಸುರಕ್ಷಿತ, ಗ್ಯಾಪ್ 3.37 ಇಲೆಕ್ಟ್ರಾನ್ ವೋಲ್ಟ್. ಹೊಳಪಿನ ಪ್ರಾಜೆಕ್ಟಿಗೆ ಮಾತ್ರ ಅದು ಗೋಜಲು. ಅದರ ಹಸಿರು ಬೆಳಕು ಹರಳಿನ ದೋಷಗಳಿಂದ ಬರುವಂಥದ್ದು. ಯಾವ ದೋಷದಿಂದ ಎಂಬ ಜಗಳ ಇನ್ನೂ ಮುಗಿದಿಲ್ಲ, ಮ್ಯಾಂಗನೀಸ್ ಹಾಕಿದರೆ ಬೆಳಕು ಹೆಚ್ಚುವುದರ ಬದಲು ಕುಂದುತ್ತದೆ. ನೇರಳಾತೀತ ಕಿರಣ ತಡೆಯುವ ಫಿಲ್ಮ್ ಬೇಕಾದರೆ ಮಾತು ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಪಾಲಿಮರ್: ಇಲ್ಲೇ ಹೆಚ್ಚು ಯೋಚಿಸಬೇಕು

ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್), ಪಿಎಂಎಂಎ (ಪಾಲಿಮೀಥೈಲ್ ಮೆಥಾಕ್ರಿಲೇಟ್, ಅಂದರೆ ಅಕ್ರಿಲಿಕ್), ಪಾಲಿಸ್ಟೈರೀನ್, ಪಿವಿಪಿ (ಪಾಲಿವಿನೈಲ್ ಪಿರೊಲಿಡೋನ್). ಈ ನಾಲ್ಕರಲ್ಲಿ ಮೊದಲ ಎರಡನ್ನೇ ಎದುರುಬದುರು ಇಟ್ಟು ನೋಡಿದರೆ ಸಾಕು. ಪಿವಿಪಿ ಹರಳಿನ ಮೈಗೆ ಅಂಟಿ ಗುಂಪುಗೂಡದಂತೆ ಕಾಯುವುದರಲ್ಲಿ ಜಾಣ. ಫಿಲ್ಮಾಗಿ ಮಾತ್ರ ಮೆತ್ತಗೆ, ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ. ಪಾಲಿಸ್ಟೈರೀನಿನ ಬೆಂಜೀನ್ ಉಂಗುರ 280 ನ್ಯಾನೊಮೀಟರಿನ ಕೆಳಗೆ ತಾನೇ ಬೆಳಕು ನುಂಗುತ್ತದೆ, ಜಿಂಕ್ ಸಲ್ಫೈಡಿನ ಪಕ್ಕದಲ್ಲಿ ಅದು ತೊಂದರೆ.

ಪಿವಿಎ ನೀರಿನಲ್ಲಿ ಕರಗುತ್ತದೆ. ನೇಯ್ಗೆ ಗಿರಣಿಗಳಲ್ಲಿ ಹಾಸುನೂಲಿಗೆ ಗಂಜಿಯಾಗಿ ಬಳಸುವುದೂ ಇದನ್ನೇ. ಹತ್ತಿ ಗಿರಣಿಗಳ ಊರೆಂದು ಹೆಸರಾಗಿದ್ದ ದಾವಣಗೆರೆಯವರಿಗೆ ಇದು ಪರಕೀಯ ಅನ್ನಿಸಬೇಕಿಲ್ಲ. ಅದರ ಸರಪಳಿಯ ಉದ್ದಕ್ಕೂ ಇರುವ ಹೈಡ್ರಾಕ್ಸಿಲ್ ಗುಂಪುಗಳು ಜಿಂಕ್ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೀಗಾಗಿ ಜಿಂಕ್ ಅಸಿಟೇಟ್, ಮ್ಯಾಂಗನೀಸ್ ಅಸಿಟೇಟ್ ಎರಡನ್ನೂ ಪಿವಿಎ ದ್ರಾವಣದಲ್ಲೇ ಕರಗಿಸಿ ಸೋಡಿಯಂ ಸಲ್ಫೈಡನ್ನು ಹನಿಹನಿಯಾಗಿ ಬಿಟ್ಟರೆ ಹರಳು ಪಾಲಿಮರಿನ ಮಡಿಲಲ್ಲೇ ಹುಟ್ಟುತ್ತದೆ, ದೊಡ್ಡದಾಗಿ ಬೆಳೆಯಲು ಜಾಗ ಸಿಗುವುದಿಲ್ಲ. ಹರಳು ಬೆಳೆಸಲು ಬಿಸಿ ಮಾಡುವ, ಆರ್ಗಾನ್ ತುಂಬುವ ಕೆಲಸವಿಲ್ಲ. ಸೋಡಿಯಂ ಸಲ್ಫೈಡ್ ಕ್ಷಾರೀಯ ದ್ರಾವಣ, ಗಾಳಿ ತಗುಲಿದರೆ ಅದರಲ್ಲಿ ಮ್ಯಾಂಗನೀಸ್ ಕಂದಾಗುತ್ತದೆ ಎಂಬ ಕಾರಣಕ್ಕೆ ಸ್ವಲ್ಪ ನೈಟ್ರೋಜನ್ ಹಾಯಿಸಿದರೆ ಒಳ್ಳೆಯದು. ಆಮ್ಲವನ್ನು ಮಾತ್ರ ಸೋಡಿಯಂ ಸಲ್ಫೈಡಿನ ಹತ್ತಿರ ಸುಳಿಯಗೊಡಬೇಡಿ. ಹೈಡ್ರೋಜನ್ ಸಲ್ಫೈಡ್ ಅನಿಲ ಪ್ರಾಣಕ್ಕೇ ಕುತ್ತು. ಕೆಲಸ ನಡೆಯುವುದು ಫ್ಯೂಮ್ ಹುಡ್ ಒಳಗೇ ಆಗಬೇಕು.

ಶೇ. 98ಕ್ಕಿಂತ ಹೆಚ್ಚು ಜಲವಿಚ್ಛೇದನೆಯಾದ ಪಿವಿಎ ಕರಗಲು 80ರಿಂದ 90 ಡಿಗ್ರಿ ಬಿಸಿ ನೀರು ಬೇಕು, ಶೇ. 87–89ರದ್ದು ಅದಕ್ಕಿಂತ ಸುಲಭವಾಗಿ ಕರಗುತ್ತದೆ. ಡಬ್ಬಿಯ ಮೇಲಿನ ಈ ಸಂಖ್ಯೆ ನೋಡದೆ ಕೊಳ್ಳಬೇಡಿ. ನೀರು ಡಿಸ್ಟಿಲ್ ಮಾಡಿದ್ದೇ ಆಗಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸು, ಚಿತ್ರದುರ್ಗದ ಬೋರ್‌ವೆಲ್‌ಗಳ ಫ್ಲೋರೈಡ್ ಎಲ್ಲರಿಗೂ ಗೊತ್ತಿದ್ದದ್ದೇ. ತಾಮ್ರ, ಕಬ್ಬಿಣದ ಅಯಾನು ಕೊಂಚ ಬೆರೆತರೂ ಜಿಂಕ್ ಸಲ್ಫೈಡಿನ ಹೊಳಪಿನ ಲೆಕ್ಕ ತಪ್ಪುತ್ತದೆ.

ಪಿಎಂಎಂಎ ನೋಟಕ್ಕೆ ಪಿವಿಎಗಿಂತ ಒಂದು ಕೈ ಮೇಲು. ಕಾಣುವ ಬೆಳಕಿನ ಶೇ. 92ರಷ್ಟನ್ನು ದಾಟಿಸುತ್ತದೆ, ತೇವಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, 105 ಡಿಗ್ರಿಯ ಸುಮಾರಿಗೆ ಮಾತ್ರ ಮೆತ್ತಗಾಗುತ್ತದೆ. ಆದರೆ ಅದು ಕರಗುವುದು ಟಾಲ್ವೀನ್, ಕ್ಲೋರೋಫಾರ್ಮ್, ಅಸಿಟೋನಿನಲ್ಲಿ. ನೀರಿನಲ್ಲಿ ಹುಟ್ಟಿದ ಹರಳನ್ನು ಹಾಗೇ ತಂದು ಟಾಲ್ವೀನಿಗೆ ಹಾಕಿದರೆ ಗುಂಪುಗೂಡಿ ತಳ ಸೇರುತ್ತದೆ. ಹರಳಿನ ಮೈಗೆ ಮೊದಲು ಡೋಡೆಕೇನ್ ಥಯೋಲ್‌ನಂಥ ಎಣ್ಣೆಗುಣದ ಬಾಲ ಅಂಟಿಸಬೇಕು. ಇದು ಆಗದ ಕೆಲಸವೇನಲ್ಲ, ಒಂದು ಸೆಮಿಸ್ಟರಿನ ಅರ್ಧವನ್ನು ನುಂಗುವ ಕೆಲಸ. ಜೂನ್ ದಾಟಿ ಮಳೆ ಹಿಡಿದ ಮೇಲೆ ಅಸಿಟೋನ್, ಕ್ಲೋರೋಫಾರ್ಮಿನಲ್ಲಿ ಫಿಲ್ಮ್ ಎರೆದರೆ ದ್ರಾವಕ ಬೇಗ ಆರಿ ಮೈ ತಣ್ಣಗಾಗುತ್ತದೆ, ಗಾಳಿಯ ನೀರು ಅದರ ಮೇಲೆ ಕೂತು ಫಿಲ್ಮ್ ಬೆಳ್ಳಗಾಗುತ್ತದೆ. ಮಾರ್ಚ್, ಏಪ್ರಿಲ್‌ನ ಒಣ ಬಿಸಿಲು ಈ ಮಟ್ಟಿಗೆ ನಮ್ಮ ಪಾಲಿನ ಭಾಗ್ಯ. ಧೂಳು ಮಾತ್ರ ಆ ತಿಂಗಳುಗಳಲ್ಲೇ ಹೆಚ್ಚು, ಆದ್ದರಿಂದ ಪೆಟ್ರಿ ತಟ್ಟೆಯ ಮೇಲೆ ಕಾಗದದ ಹೊದಿಕೆ ಬೇಕು, ಫ್ಯಾನ್ ಆರಿಸಿರಬೇಕು. ಸೈನ್‌ಬೋರ್ಡ್ ಅಂಗಡಿಯ ಅಕ್ರಿಲಿಕ್ ತುಂಡು ಕರಗಿಸಿ ಪಿಎಂಎಂಎ ಮಾಡಿಕೊಳ್ಳುವ ಉಪಾಯ ಬೇಡ. ಅದರಲ್ಲಿ ಬಿಸಿಲು ತಡೆಯುವ ರಾಸಾಯನಿಕ ಸೇರಿರುತ್ತದೆ, 380 ನ್ಯಾನೊಮೀಟರಿನ ಕೆಳಗಿನದ್ದನ್ನೆಲ್ಲ ಅದೇ ಹೀರಿಬಿಡುತ್ತದೆ.

ಮಸುಕು ಯಾವ ಪಾಲಿಮರಿನಲ್ಲೂ ಬರಬಹುದು. ಜಿಂಕ್ ಸಲ್ಫೈಡಿನ ವಕ್ರೀಭವನ ಸೂಚ್ಯಂಕ ಸುಮಾರು 2.36, ಈ ಪಾಲಿಮರುಗಳದು 1.5ರ ಆಸುಪಾಸು. ಕಣ ಬಿಡಿಬಿಡಿಯಾಗಿ 3 ನ್ಯಾನೊಮೀಟರ್ ಇದ್ದಾಗ ಈ ಅಂತರ ಕಣ್ಣಿಗೆ ಬೀಳುವುದಿಲ್ಲ. ಒಂದೊಂದು ಕಣ ಚದುರಿಸುವ ಬೆಳಕು ಗಾತ್ರದ ಆರನೇ ಘಾತದಂತೆ ಏರುವುದರಿಂದ, ಹತ್ತಾರು ಕಣ ಕೂಡಿ ಮುದ್ದೆಯಾದರೆ ಫಿಲ್ಮ್ ಅಕ್ಕಿ ತೊಳೆದ ನೀರಿನಂತೆ ಕಾಣುತ್ತದೆ. ಅಂಥ ಫಿಲ್ಮಿನ ಹೀರಿಕೆಯ ಗ್ರಾಫಿನಿಂದ ಬ್ಯಾಂಡ್ ಗ್ಯಾಪ್ ತೆಗೆಯಲು ಕೂರಬೇಡಿ. ಚದುರಿದ ಬೆಳಕನ್ನೂ ಯಂತ್ರ ಹೀರಿಕೆ ಎಂದೇ ಬರೆದುಕೊಂಡಿರುತ್ತದೆ.

ಆದ್ದರಿಂದ ನನ್ನ ಮಾತು ಸ್ಪಷ್ಟ: ಒಂದು ಸೆಮಿಸ್ಟರ್ ಮಾತ್ರ ಇದ್ದರೆ ಪಿವಿಎ. ಎರಡು ಸೆಮಿಸ್ಟರ್ ಇದ್ದು, ಫಿಲ್ಮ್ ತಿಂಗಳುಗಟ್ಟಲೆ ಬಾಳಬೇಕು ಅಥವಾ ಬಿಸಿಲಿಗಿಟ್ಟು ನೋಡಬೇಕು ಎಂದಿದ್ದರೆ ಪಿಎಂಎಂಎ.

ಎರೆದ ಫಿಲ್ಮೋ, ಸ್ಪಿನ್ ಮಾಡಿದ್ದೋ

ದ್ರಾವಣದ ಹನಿಯನ್ನು ಗಾಜಿನ ಮೇಲೆ ವೇಗವಾಗಿ ತಿರುಗಿಸಿ ಹರಡುವ ಸ್ಪಿನ್ ಕೋಟರ್ ಇದ್ದವರಿಗೆ ಅದೇ ಸೊಗಸು ಅನ್ನಿಸುತ್ತದೆ; ನೂರಾರು ನ್ಯಾನೊಮೀಟರಿನಿಂದ ಕೆಲವು ಮೈಕ್ರೋಮೀಟರ್ ದಪ್ಪದ ಸಮನಾದ ಪದರ ಬರುತ್ತದೆ. ತೊಡಕು ಕೆಳಗಿನ ಗಾಜಿನದು. ಸಾಮಾನ್ಯ ಮೈಕ್ರೋಸ್ಕೋಪ್ ಸ್ಲೈಡ್ 300 ನ್ಯಾನೊಮೀಟರಿನ ಆಸುಪಾಸಿನಲ್ಲಿ ತಾನೇ ಬೆಳಕನ್ನು ನುಂಗತೊಡಗುತ್ತದೆ. ನ್ಯಾನೊ ಜಿಂಕ್ ಸಲ್ಫೈಡಿನ ಹೀರಿಕೆಯ ಅಂಚು ಇರುವುದೂ ಅಲ್ಲೇ. ಕ್ವಾರ್ಟ್ಜ್ ತುಂಡು ಸಿಗದಿದ್ದರೆ ಪೆಟ್ರಿ ತಟ್ಟೆಯಲ್ಲಿ ಎರೆದು, 40–50 ಡಿಗ್ರಿಯಲ್ಲಿ ಒಣಗಿಸಿ, ಸುಲಿದು ತೆಗೆದ ಪಿವಿಎ ಹಾಳೆಯೇ ಮೇಲು. ಅದಕ್ಕೆ ಗಾಜಿನ ಹಂಗೇ ಇಲ್ಲ.

ದಪ್ಪದ ಲೆಕ್ಕ ಮೊದಲೇ ಮಾಡಿ. ಶೇ. 5ರ ಪಿವಿಎ ದ್ರಾವಣ 20 ಮಿ.ಲೀ.ಯನ್ನು 9 ಸೆಂ.ಮೀ. ತಟ್ಟೆಗೆ ಸುರಿದರೆ ಒಣಗಿದ ಮೇಲೆ ಸುಮಾರು 120 ಮೈಕ್ರೋಮೀಟರ್ ಉಳಿಯುತ್ತದೆ. ಇಷ್ಟು ದಪ್ಪದಲ್ಲಿ ಜಿಂಕ್ ಸಲ್ಫೈಡ್ ಹೆಚ್ಚು ತುಂಬಿದರೆ ಅಂಚಿನಾಚೆ ಬೆಳಕೇ ದಾಟದೆ ಗ್ರಾಫಿನ ತಲೆ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಭಾಗಕ್ಕೆ ಗೆರೆ ಎಳೆದು ಗ್ಯಾಪ್ ಓದುವುದು ಅರ್ಥವಿಲ್ಲದ ಕೆಲಸ. ಹೀರಿಕೆಯ ಅಂಕ (ಅಬ್ಸಾರ್ಬೆನ್ಸ್) 1ರ ಒಳಗೇ ಉಳಿಯುವಂತೆ ದ್ರಾವಣವನ್ನು ತೆಳುಮಾಡಿ.

ಹೀರಿಕೆಯಿಂದ ಬ್ಯಾಂಡ್ ಗ್ಯಾಪ್ ತೆಗೆಯುವ ಟೌಕ್ ಗ್ರಾಫಿನ ಬಗ್ಗೆಯೂ ಹೇಳಬೇಕಿದೆ. "ಪಿವಿಎಯ ಬ್ಯಾಂಡ್ ಗ್ಯಾಪ್ ಬೆರಕೆಯಿಂದ ಇಳಿಯಿತು" ಎಂಬ ವಾಕ್ಯ ಎಷ್ಟೋ ವರದಿಗಳಲ್ಲಿ ಕಾಣುತ್ತದೆ. ಪಾರದರ್ಶಕ ಪಾಲಿಮರಿನ ನಡುವೆ ಚಿಕ್ಕ ಹರಳು ಕೂತಿದ್ದರೆ ಗ್ರಾಫಿನಲ್ಲಿ ಹೊಸದಾಗಿ ಕಾಣುವ ಅಂಚು ಹರಳಿನದು, ಪಾಲಿಮರ್ ಬದಲಾಗಿಲ್ಲ. ಬರೀ ಪಿವಿಎ ಹಾಳೆಯ ಹೀರಿಕೆಯನ್ನು ಕಳೆದು, ಉಳಿದದ್ದರಲ್ಲಿ ಭುಜದಂತೆ ಎದ್ದ ಜಾಗವನ್ನು ನೋಡಿ. ಭುಜ 300 ನ್ಯಾನೊಮೀಟರಿನಲ್ಲಿದ್ದರೆ 1240ನ್ನು 300ರಿಂದ ಭಾಗಿಸಿ: 4.13 ಇಲೆಕ್ಟ್ರಾನ್ ವೋಲ್ಟ್. ದೊಡ್ಡ ಹರಳಿನ ಸುಮಾರು 3.7ಕ್ಕೆ ಹೋಲಿಸಿದರೆ ಎಷ್ಟು ಸರಿದಿದೆ ಎಂದು ತಿಳಿಯುತ್ತದೆ. ಬ್ರೂಸ್ ಸೂತ್ರದಿಂದ ಗಾತ್ರ ತೆಗೆಯುವಾಗ, ತೀರಾ ಚಿಕ್ಕ ಹರಳುಗಳಲ್ಲಿ ಆ ಸೂತ್ರ ಗ್ಯಾಪನ್ನು ಇರುವುದಕ್ಕಿಂತ ಹೆಚ್ಚು ಹೇಳುತ್ತದೆ ಎಂಬುದು ನೆನಪಿರಲಿ. ಎಕ್ಸ್‌ರೇ ವಿವರ್ತನೆಯ ಅಗಲದಿಂದ ಬಂದ ಗಾತ್ರದ ಜತೆ ಇಟ್ಟು ನೋಡಿ, 28.6, 47.5, 56.3 ಡಿಗ್ರಿಯ ಮೂರು ಅಗಲ ಶಿಖರಗಳು ಘನಾಕೃತಿಯ ಜಿಂಕ್ ಸಲ್ಫೈಡಿನವು, 19–20 ಡಿಗ್ರಿಯದ್ದು ಪಿವಿಎಯದ್ದು.

ಹೊಳಪಿನ ಅಳತೆಯಲ್ಲಿ ಮೂರು ಮೋಸಗಳು

ಮೊದಲನೆಯದು ಟಾರ್ಚಿನದು. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚ್ ಸಾಮಾನ್ಯವಾಗಿ 365 ನ್ಯಾನೊಮೀಟರಿನದು, ಅಗ್ಗದ್ದು 395ರದು. ಜಿಂಕ್ ಸಲ್ಫೈಡ್ ಹೀರುವುದು 340ರ ಕೆಳಗೆ, ನ್ಯಾನೊ ಆದರೆ ಇನ್ನೂ ಕೆಳಗೆ. ಟಾರ್ಚ್ ಬಿಟ್ಟು "ಹೊಳೆಯಲಿಲ್ಲ" ಎಂದು ಒಳ್ಳೆಯ ಫಿಲ್ಮನ್ನು ಎಸೆಯಬೇಡಿ. 254 ಅಥವಾ 312 ನ್ಯಾನೊಮೀಟರಿನ ದೀಪದ ಕೆಳಗೆ, ಕಣ್ಣಿಗೆ ರಕ್ಷಣೆ ಹಾಕಿಕೊಂಡು ನೋಡಿ.

ಎರಡನೆಯದು ಯಂತ್ರದೊಳಗಿನದು, ಹೆಚ್ಚು ಅಪಾಯದ್ದು. 300 ನ್ಯಾನೊಮೀಟರಿನಲ್ಲಿ ಪ್ರಚೋದಿಸಿದರೆ ಗ್ರೇಟಿಂಗ್ (ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಭಾಗ) ಅದೇ ಬೆಳಕಿನ ಎರಡನೇ ಕ್ರಮವನ್ನು 600ರಲ್ಲಿ ತಂದು ನಿಲ್ಲಿಸುತ್ತದೆ. ಮ್ಯಾಂಗನೀಸಿನ ಶಿಖರ ಬರಬೇಕಾದ ಜಾಗವೇ ಅದು! ಮ್ಯಾಂಗನೀಸ್ ಇಲ್ಲದ ಫಿಲ್ಮಿನಲ್ಲೂ ಚೂಪಾದ "ಕಿತ್ತಳೆ ಶಿಖರ" ಕಂಡರೆ ಕಾರಣ ಇದೇ. ಹೊರಸೂಸುವ ಕಡೆ 400 ಅಥವಾ 450ರ ಮೇಲಿನ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಇಡಿ. ಅದು ಇಲ್ಲದಿದ್ದರೆ ಪ್ರಚೋದನೆಯನ್ನು 300ರಿಂದ 310ಕ್ಕೆ ಸರಿಸಿ ನೋಡಿ. ಶಿಖರ 620ಕ್ಕೆ ಓಡಿದರೆ ಸುಳ್ಳು, ಇದ್ದಲ್ಲೇ ನಿಂತರೆ ನಿಜ.

ಮೂರನೆಯದು ಬಾಳಿಕೆಯ (ಪ್ರಚೋದನೆ ನಿಂತ ಮೇಲೆ ಬೆಳಕು ಆರಲು ಹಿಡಿಯುವ ಹೊತ್ತಿನ) ಅಳತೆ, ಈ ಕ್ಷೇತ್ರದ ದೊಡ್ಡ ಚರ್ಚೆ ನಡೆದದ್ದೇ ಇದರ ಮೇಲೆ. 1994ರಲ್ಲಿ ಆರ್.ಎನ್. ಭಾರ್ಗವ ಅವರ ತಂಡ ನ್ಯಾನೊ ಜಿಂಕ್ ಸಲ್ಫೈಡಿನಲ್ಲಿ ಮ್ಯಾಂಗನೀಸಿನ ಬೆಳಕು ನ್ಯಾನೊಸೆಕೆಂಡುಗಳಲ್ಲೇ ಆರುತ್ತದೆ, ದಕ್ಷತೆ ಶೇ. 18 ಎಂದು ಪ್ರಕಟಿಸಿತು. ದೊಡ್ಡ ಹರಳಿನಲ್ಲಿ ಆ ಬೆಳಕು ಆರಲು ಮಿಲಿಸೆಕೆಂಡು ಬೇಕು, ಆದ್ದರಿಂದ ಇಡೀ ಕ್ಷೇತ್ರವೇ ಎದ್ದು ಕೂತಿತು. 1998ರಲ್ಲಿ ಉಟ್ರೆಕ್ಟಿನ ಬೋಲ್ ಮತ್ತು ಮೈಯರಿಂಕ್ ನ್ಯಾನೊ ಹರಳಿನಲ್ಲೂ ಮ್ಯಾಂಗನೀಸಿನ ಬಾಳಿಕೆ ಸುಮಾರು 1.9 ಮಿಲಿಸೆಕೆಂಡೇ ಎಂದು ತೋರಿಸಿದರು. ಬೇಗ ಆರುವ ಭಾಗ ಹರಳಿನ ದೋಷಗಳ ಬೆಳಕಿನ ಬಾಲ. ನ್ಯಾನೊಸೆಕೆಂಡ್ ಅಳೆಯುವ ಯಂತ್ರಕ್ಕೆ ನಿಮ್ಮ ಫಿಲ್ಮ್ ಕೊಟ್ಟರೆ ಅದು ಆ ಬಾಲವನ್ನೇ ಅಳೆದು ಕೊಡುತ್ತದೆ. ಮ್ಯಾಂಗನೀಸಿಗೆ ಮಿನುಗುವ ಜೆನಾನ್ ದೀಪದ ಯಂತ್ರ ಬೇಕು; ಕೈಗೆ ಸಿಗುವುದು ಬರೀ ನ್ಯಾನೊಸೆಕೆಂಡ್ ಯಂತ್ರವಾದರೆ ಬಾಳಿಕೆಯ ಅಧ್ಯಾಯವನ್ನೇ ಕೈಬಿಡಿ.

ಜಿಂಕ್ ಸಲ್ಫೈಡ್ ಫಿಲ್ಮ್ ನೇರಳಾತೀತ ಬೆಳಕಿನ ಕೆಳಗೆ ಇಟ್ಟಷ್ಟು ಹೊತ್ತೂ ಹೊಳಪು ಏರುವುದೂ ಉಂಟು. ಆದ್ದರಿಂದ ಎಲ್ಲ ಫಿಲ್ಮುಗಳಿಗೂ ಸಮನಾದ ಹೊತ್ತು ಬೆಳಕು ತಾಗಿಸಿ ಅಳೆಯಿರಿ.

ಬಳಕೆಗೆಂದೇ ಮಾಡುವವರಿಗೆ

ನೇರಳಾತೀತ ತಡೆಯುವ ಹಾಳೆ ಬೇಕಾದರೆ ಜಿಂಕ್ ಸಲ್ಫೈಡಿನ ಗೋಜು ಬೇಡ. 340ರಿಂದ 400ರವರೆಗಿನದ್ದನ್ನು ಅದು ಹಾಗೇ ಬಿಟ್ಟುಬಿಡುತ್ತದೆ. ಜಿಂಕ್ ಆಕ್ಸೈಡ್ 370ರವರೆಗೂ ತಡೆಯುತ್ತದೆ. ಬಿಸಿಲಿನಲ್ಲಿ ಅದೇ ಪಾಲಿಮರನ್ನು ಕೊರೆಯುತ್ತದೆ ಎಂಬುದು ಅದರ ದೋಷ, ಸಿಲಿಕಾದ ತೆಳು ಹೊದಿಕೆ ಹಾಕಿದರೆ ಆ ಹಾನಿ ತಗ್ಗುತ್ತದೆ.

ನನಗೆ ಹೆಚ್ಚು ಆಸೆ ಹುಟ್ಟಿಸುವುದು ಬೆಳಕು ಕೂಡಿಸುವ ಸೌರಫಲಕ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ನೋಡುತ್ತ ಬೆಳೆದ ಮಕ್ಕಳಿಗೆ ಇದರ ತತ್ವ ಹಿಡಿಸಬೇಕು. ಪಾಲಿಮರ್ ಹಲಗೆಯೊಳಗಿನ ಹರಳು ಬಿಸಿಲು ಹೀರಿ ಬೇರೆ ಬಣ್ಣದಲ್ಲಿ ಹೊರಸೂಸುತ್ತದೆ, ಸೂಚ್ಯಂಕ 1.5 ಇರುವ ಹಲಗೆಯಲ್ಲಿ ಅದರ ಸುಮಾರು ಮುಕ್ಕಾಲು ಪಾಲು ಒಳಗೇ ಸಿಕ್ಕಿಕೊಂಡು ಅಂಚಿಗೆ ಓಡುತ್ತದೆ, ಅಂಚಿನಲ್ಲಿ ಸೌರಕೋಶ ಇಟ್ಟರಾಯಿತು. ಒಂದು ಕಣ ಹೊರಸೂಸಿದ ಬೆಳಕನ್ನು ಇನ್ನೊಂದು ಕಣ ಮತ್ತೆ ಹೀರುವುದೇ ಇಲ್ಲಿನ ಮುಖ್ಯ ನಷ್ಟ. ಮ್ಯಾಂಗನೀಸ್ ಬೆರಕೆಯಲ್ಲಿ ಹೀರುವ ಜಾಗಕ್ಕೂ ಹೊರಸೂಸುವ ಜಾಗಕ್ಕೂ 200 ನ್ಯಾನೊಮೀಟರಿಗೂ ಮೀರಿದ ಅಂತರ ಇರುವುದರಿಂದ ಆ ನಷ್ಟ ಬಹುತೇಕ ಇಲ್ಲ. ಕೊರತೆ ಏನೆಂದರೆ ಜಿಂಕ್ ಸಲ್ಫೈಡ್ ಬಿಸಿಲಿನ ಅತಿ ಚಿಕ್ಕ ಪಾಲನ್ನಷ್ಟೇ ಹೀರುತ್ತದೆ. ಗ್ಯಾಪ್ ಕಡಿಮೆಯಿರುವ ಜಿಂಕ್ ಸೆಲೆನೈಡಿಗೆ ಮ್ಯಾಂಗನೀಸ್ ಬೆರೆಸಿ ಪಿಎಂಎಂಎಯಲ್ಲಿ ಇಡುವುದು ಪಿಎಚ್.ಡಿ. ಮಟ್ಟದ ಒಳ್ಳೆಯ ದಾರಿ.

ಕಿಟಕಿಯ ಬಿಸಿ ತಡೆಯುವ ಫಿಲ್ಮ್ ಬೇರೆಯೇ ಜಾತಿ. ತವರ ಬೆರೆತ ಇಂಡಿಯಂ ಆಕ್ಸೈಡ್, ಸೀಸಿಯಂ ಬೆರೆತ ಟಂಗ್‌ಸ್ಟನ್ ಆಕ್ಸೈಡ್ ಹರಳುಗಳಲ್ಲಿ ಬೆರಕೆ ಬೆಳಕು ಬಿಡುವುದಿಲ್ಲ, ಸ್ವತಂತ್ರ ಇಲೆಕ್ಟ್ರಾನುಗಳನ್ನು ತುಂಬುತ್ತದೆ. ಅವು ಅವಕೆಂಪು ಬೆಳಕನ್ನು ಹೀರುತ್ತವೆ. ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಅವಕೆಂಪೇ. ಅಳೆಯಲು 2500 ನ್ಯಾನೊಮೀಟರಿನವರೆಗೆ ಹೋಗುವ ಸ್ಪೆಕ್ಟ್ರೊಫೋಟೊಮೀಟರ್ ಇದ್ದರೆ ಮಾತ್ರ ಕೈಹಾಕಿ. ಸಾಮಾನ್ಯ ಯಂತ್ರ 1100ಕ್ಕೇ ನಿಲ್ಲುತ್ತದೆ.

ಸ್ಯಾಂಪಲ್ ಹೊರಗೆ ಕಳಿಸುವಾಗ

ದಾವಣಗೆರೆಯಿಂದ ರೈಲು ಹತ್ತಿದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹೊರಗಿನವರಿಗೂ ತೆರೆದಿರುವ ಉಪಕರಣ ಕೇಂದ್ರವಿದೆ. ಮ್ಯಾಂಗನೀಸ್ ಹರಳಿನೊಳಗೆ ಕೂತಿದೆಯೋ ಮೈಮೇಲೆ ಅಂಟಿದೆಯೋ ಎಂದು ತಿಳಿಸುವ ಇಪಿಆರ್ (ಇಲೆಕ್ಟ್ರಾನ್ ಪ್ಯಾರಾಮ್ಯಾಗ್ನೆಟಿಕ್ ರೆಸೊನೆನ್ಸ್) ಅಳತೆಗೆ ಮದ್ರಾಸ್ ಅಥವಾ ಬಾಂಬೆ ಐಐಟಿಯ ಕೇಂದ್ರಗಳಿವೆ. ಬಿಡಿಬಿಡಿಯಾಗಿ ಹರಡಿದ ಮ್ಯಾಂಗನೀಸ್ ಆರು ಗೆರೆಗಳ ಗುರುತು ಕೊಡುತ್ತದೆ; ಗುಂಪಾಗಿದ್ದರೆ ಆರೂ ಕರಗಿ ಒಂದೇ ಅಗಲ ಗುಡ್ಡೆಯಾಗುತ್ತದೆ. ಒಳಗೆ ಕೂತದ್ದಕ್ಕೂ ಮೈಮೇಲಿನದಕ್ಕೂ ಗೆರೆಗಳ ನಡುವಿನ ಅಂತರ ಬೇರೆ. ಕಳಿಸುವ ಲಕೋಟೆಯಲ್ಲಿ ಬೆರಕೆಯ ಫಿಲ್ಮಿನ ಜತೆ ಇನ್ನೆರಡು ಹಾಳೆ ತಪ್ಪದೆ ಇಡಿ: ಬರೀ ಪಾಲಿಮರಿನದು ಒಂದು, ಮ್ಯಾಂಗನೀಸ್ ಇಲ್ಲದ ಜಿಂಕ್ ಸಲ್ಫೈಡ್ ಇರುವ ಪಾಲಿಮರಿನದು ಇನ್ನೊಂದು. ಮೂರೂ ಒಂದೇ ದಿನ, ಒಂದೇ ಬಾಟಲಿಯ ಪಿವಿಎಯಿಂದ, ಒಂದೇ ದಪ್ಪಕ್ಕೆ ಎರೆದದ್ದಾಗಿರಲಿ. ತೇವ ತಾಗದಂತೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿ, ಯಾವ ಹಾಳೆ ಯಾವುದೆಂದು ಹಾಳೆಯ ಅಂಚಿನಲ್ಲೇ ಬರೆಯಿರಿ.